ದುಡ್ಡು ಹಾಕದೆ, ಲೆಕ್ಕ ತಿಳಿದು ಆಡಿ: ಫೋನಿನಲ್ಲಿ ಕ್ಯಾಸಿನೊ ಆಟಗಳ ಸಮಗ್ರ ಮಾರ್ಗದರ್ಶಿ

ಇಸ್ಪೀಟು ನಮ್ಮವರಿಗೆ ಹೊಸದಲ್ಲ. ಯುಗಾದಿಗೋ ದೀಪಾವಳಿಗೋ ಟವೆಲ್ ಹಾಸಿ ಎಲೆ ಹಂಚುವ ಗುಂಪು ಎಷ್ಟೋ ಊರುಗಳಲ್ಲಿ ಕಾಣುತ್ತದೆ. ಅಂದರ್ ಬಾಹರ್ ಆಡುತ್ತಿದ್ದವರ ಬಂಧನ ಎಂಬ ಸುದ್ದಿಯೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಈಗ ಅದೇ ಆಟಗಳು ಫೋನಿಗೆ ಬಂದಿವೆ. ಜೊತೆಗೆ ಸಂಖ್ಯೆಯ ಚಕ್ರದ ರೂಲೆಟ್, 21 ಅಂಕದ ಎಲೆ ಆಟ ಬ್ಲ್ಯಾಕ್‌ಜಾಕ್, ಚಿತ್ರಗಳು ಸುತ್ತುವ ಸ್ಲಾಟ್ ಎಲ್ಲ ಬಂದಿವೆ.

ಈ ಆಟಗಳಲ್ಲಿ ನಿಜವಾದ ಸ್ವಾರಸ್ಯ ಇದೆ. ಒಂದು ಎಲೆ ತಿರುಗುವ ಮುಂಚೆ ಏನು ಬರಬಹುದು ಎಂದು ಲೆಕ್ಕ ಹಾಕುವುದರಲ್ಲಿ ಸಿಗುವ ಖುಷಿ ಬೇರೆಯೇ. ಆ ಖುಷಿಗೆ ದುಡ್ಡು ಬೇಕಿಲ್ಲ. ದುಡ್ಡು ಬಂದ ತಕ್ಷಣ ತಲೆ ಲೆಕ್ಕವನ್ನು ಬಿಟ್ಟು ಕಳೆದುಕೊಂಡದ್ದರ ಹಿಂದೆ ಓಡುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ದುಡ್ಡು ಹಾಕಿ ಆಡುವ ಒಂದು ದಾರಿಯೂ ಇಲ್ಲ. ಬರೀ ಆಟ, ಅದರ ಲೆಕ್ಕ, ಅದಕ್ಕೆ ತಕ್ಕಂತೆ ಫೋನನ್ನು ಸಜ್ಜು ಮಾಡುವ ಕ್ರಮ ಇಲ್ಲಿದೆ. ಇದು 18 ದಾಟಿದವರಿಗೆ ಮಾತ್ರ.

ಹಂತ 1: ಕಾನೂನು ಎಲ್ಲಿದೆ ಎಂದು ತಿಳಿದುಕೊಳ್ಳಿ

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಮುಂಚೆ ಇದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ವಾದ ನಡೆಯುತ್ತಿತ್ತು. ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಜೂಜು ತಡೆಯಲು ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಅಲ್ಲಿಯೂ ಚರ್ಚೆಗೆ ಬಂದದ್ದು ಇದೇ ವ್ಯತ್ಯಾಸ. 2025ರ ಕೇಂದ್ರ ಕಾಯ್ದೆ ಆ ಗೆರೆಯನ್ನೇ ಅಳಿಸಿತು. ಜಾಣ್ಮೆಯದಾಗಲಿ, ಅದೃಷ್ಟದ್ದಾಗಲಿ, ಹಣ ಪಣಕ್ಕಿದ್ದರೆ ಅದು ನಿಷಿದ್ಧ.

ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಆಡಿದವರನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ, ಅವರನ್ನು ತೊಂದರೆಗೊಳಗಾದವರು ಎಂದೇ ನೋಡುತ್ತದೆ. ಹಾಗಂತ ಆಡಬಹುದು ಅಂತಲ್ಲ. ನಿಷೇಧದ ನಂತರವೂ ನಿಮ್ಮ ಮುಂದೆ ಬಂದು ದುಡ್ಡು ಹಾಕಿ ಅನ್ನುವ ಕ್ಯಾಸಿನೊ ಆ್ಯಪ್ ಯಾವ ಲೆಕ್ಕಕ್ಕೂ ಸಿಗದ ಜಾಗದಿಂದ ಬಂದಿರುತ್ತದೆ. ಅಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳುವುದು?

ಹಣವಿಲ್ಲದ ಆಟಕ್ಕೆ ಈ ಕಾಯ್ದೆಯೇ ಬೇರೆ ಜಾಗ ಕೊಟ್ಟಿದೆ. ಮನರಂಜನೆಗೆ ಆಡುವ ಸಾಮಾಜಿಕ ಆಟಗಳನ್ನು ಅದು ಪ್ರತ್ಯೇಕವಾಗಿ ಹೆಸರಿಸುತ್ತದೆ. ಪಣವಿಲ್ಲ, ಗೆದ್ದರೆ ಹಣ ಬರುವುದಿಲ್ಲ, ಆದರೆ ಆ್ಯಪ್ ಬಳಕೆಗೆ ಶುಲ್ಕ ಇರಬಹುದು. ನಾವು ನಿಲ್ಲುವುದು ಆ ಜಾಗದಲ್ಲಿ.

ಹಂತ 2: ಆ್ಯಪ್ ಆರಿಸುವುದು

ಹುಡುಕಾಟ ಶುರು ಮಾಡುವುದು ಪ್ಲೇ ಸ್ಟೋರ್ ಅಥವಾ ಆಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಮಾತ್ರ. ವಾಟ್ಸಾಪ್‌ನಲ್ಲಿ ಬಂದ ಲಿಂಕ್, ಟೆಲಿಗ್ರಾಂ ಗುಂಪಿನ ಎಪಿಕೆ ಫೈಲ್ (ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ ಫೈಲ್), ರೀಲ್ಸ್‌ನಲ್ಲಿ ಯಾರೋ ತೋರಿಸಿದ, ಯಾವ ಬಣ್ಣ ಬರುತ್ತದೆ ಎಂದು ಊಹಿಸುವ ಕಲರ್ ಪ್ರೆಡಿಕ್ಷನ್ ಆಟ, ಇವು ಯಾವುದೂ ಬೇಡ. ಎಪಿಕೆ ಹಾಕಿಕೊಳ್ಳಲು ಫೋನಿನ ರಕ್ಷಣೆಯ ಒಂದು ಬಾಗಿಲನ್ನು ನೀವೇ ತೆರೆದುಕೊಡುತ್ತೀರಿ. ಅದೇ ಫೋನಿನಲ್ಲಿ ಯುಪಿಐ ಇದೆ, ಒಟಿಪಿ ಬರುತ್ತದೆ.

ಸ್ಟೋರ್‌ನಲ್ಲಿ ಸಿಗುವ ಆ್ಯಪ್‌ಗಳಲ್ಲೂ ಎರಡು ಜಾತಿ ಇವೆ. ಮೊದಲನೆಯದು ಉಚಿತ ನಾಣ್ಯದ ಸೋಷಿಯಲ್ ಕ್ಯಾಸಿನೊ. ಹಾಕಿದ ಕೂಡಲೇ ಲಕ್ಷಗಟ್ಟಲೆ ನಾಣ್ಯ ಕೊಡುತ್ತದೆ. ಮೊದಲ ಸಲ ಆಡುವಾಗ ಗೆಲುವೋ ಗೆಲುವು. ಆಮೇಲೆ ನಾಣ್ಯ ಖಾಲಿಯಾಗುತ್ತದೆ, 89 ರೂಪಾಯಿಗೆ ಇಷ್ಟು ನಾಣ್ಯ ಎಂಬಂಥ ಪೆಟ್ಟಿಗೆ ತೆರೆಯುತ್ತದೆ. ಆ ನಾಣ್ಯವನ್ನು ಮತ್ತೆ ಹಣವಾಗಿ ಪಡೆಯಲು ಆಗುವುದಿಲ್ಲ. ಅಂದರೆ ಇಲ್ಲಿ ಸೋಲಲು ಮಾತ್ರ ಸಾಧ್ಯ. ಬಿಗ್ ಫಿಶ್ ಕ್ಯಾಸಿನೊ ಎಂಬ ಇಂಥದ್ದೇ ಆ್ಯಪ್ ಬಗ್ಗೆ 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಆ ನಾಣ್ಯಗಳಿಗೆ ಬೆಲೆಯಿದೆ, ಆದ್ದರಿಂದ ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಇದು ಜೂಜೇ ಎಂದಿತು.

ಎರಡನೆಯ ಜಾತಿ ಅಭ್ಯಾಸದ ಆ್ಯಪ್. ಇವುಗಳನ್ನು ಟ್ರೇನರ್ ಅಥವಾ ಸಿಮ್ಯುಲೇಟರ್ ಅನ್ನುತ್ತಾರೆ. ಒಂದು ಎಲೆ ತಪ್ಪಾಗಿ ಆಡಿದರೆ ಇಲ್ಲಿ ಹೀಗೆ ಆಡಬೇಕಿತ್ತು ಎಂದು ತಿಳಿಸುತ್ತವೆ. ಥಳಕು ಕಡಿಮೆ, ಸದ್ದೂ ಕಡಿಮೆ. ನಮಗೆ ಬೇಕಾದ್ದು ಇವೇ. ಕೆಲವಕ್ಕೆ ಒಮ್ಮೆ ಒಂದಷ್ಟು ದುಡ್ಡು ಕೊಟ್ಟು ಕೊಳ್ಳಬೇಕು. ಜಾಹೀರಾತು ತುಂಬಿದ ಉಚಿತ ಆ್ಯಪ್‌ಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಕಿಕೊಳ್ಳುವ ಮುಂಚೆ ಆ್ಯಪ್‌ನ ಪುಟದಲ್ಲಿ ಹೆಸರಿನ ಕೆಳಗೆ ನೋಡಿ. ಜಾಹೀರಾತು ಇದೆಯೋ, ಆ್ಯಪ್ ಒಳಗೆ ಖರೀದಿ ಇದೆಯೋ ಎಂದು ಅಲ್ಲಿ ಬರೆದಿರುತ್ತದೆ. ಖರೀದಿಯ ಬೆಲೆ ಎಷ್ಟರಿಂದ ಎಷ್ಟು ಎಂಬುದೂ ಕೆಳಗೆ ಸಿಗುತ್ತದೆ. ಅಲ್ಲಿ ಸಾವಿರಗಳ ಮೊತ್ತ ಕಂಡರೆ ಅದು ಕಲಿಸುವ ಆ್ಯಪ್ ಅಲ್ಲ, ನಾಣ್ಯ ಮಾರುವ ಆ್ಯಪ್. ವಿಮರ್ಶೆಗಳನ್ನು ಓದುವಾಗ ಐದು ಸ್ಟಾರ್ ಕೊಟ್ಟವರದ್ದನ್ನು ಬಿಟ್ಟು, ಎರಡು ಮೂರು ಸ್ಟಾರ್ ಕೊಟ್ಟವರದ್ದನ್ನು ಓದಿ. ನಿಜವಾಗಿ ಆಡಿದವರು ಅಲ್ಲಿರುತ್ತಾರೆ.

ಇನ್ನೊಂದು ಪರೀಕ್ಷೆ. ಆ್ಯಪ್ ಹಾಕಿಕೊಂಡ ಮೇಲೆ ಏರೋಪ್ಲೇನ್ ಮೋಡ್ ಹಾಕಿ ತೆರೆಯಿರಿ. ಇಂಟರ್ನೆಟ್ ಇಲ್ಲದೆಯೂ ಆಟ ಓಡಿದರೆ ಒಳ್ಳೆಯ ಲಕ್ಷಣ. ಬಸ್ಸಲ್ಲಿ, ಘಟ್ಟದ ರೈಲಲ್ಲಿ ಸಿಗ್ನಲ್ ಹೋದಾಗಲೂ ಆಡಬಹುದು. ಮುಖ್ಯವಾಗಿ, ಜಾಹೀರಾತು ಬರುವುದಿಲ್ಲ.

ಹಂತ 3: ಫೋನಿಗೆ ಬೇಲಿ ಹಾಕುವುದು

ಇದನ್ನು ಆಟ ಶುರು ಮಾಡುವ ಮುಂಚೆಯೇ ಮಾಡಿ. ಆಟದ ಮಧ್ಯೆ ಯಾರೂ ಸೆಟ್ಟಿಂಗ್ಸ್‌ಗೆ ಹೋಗುವುದಿಲ್ಲ.

ಆಂಡ್ರಾಯ್ಡ್ ಇದ್ದರೆ ಪ್ಲೇ ಸ್ಟೋರ್ ತೆರೆದು ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್ ಒಳಗೆ ಪರ್ಚೇಸ್ ವೆರಿಫಿಕೇಷನ್ ಹುಡುಕಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಹಾಗೆಯೇ ಪೇಮೆಂಟ್ಸ್ ವಿಭಾಗಕ್ಕೆ ಹೋಗಿ ಅಲ್ಲಿ ಉಳಿಸಿಟ್ಟಿರುವ ಕಾರ್ಡ್, ಯುಪಿಐ ಖಾತೆ ತೆಗೆದುಹಾಕಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್ ತೆರೆದು, ಕಂಟೆಂಟ್ ಅಂಡ್ ಪ್ರೈವಸಿ ರಿಸ್ಟ್ರಿಕ್ಷನ್ಸ್ ಒಳಗೆ ಇನ್-ಆ್ಯಪ್ ಪರ್ಚೇಸ್ ಪೂರ್ತಿ ಬಂದ್ ಮಾಡಬಹುದು. ಮನೆಯಲ್ಲಿ ಮಕ್ಕಳೂ ಅದೇ ಫೋನ್ ಹಿಡಿಯುತ್ತಾರೆ ಅಲ್ವಾ? ಅವರಿಗಾಗಿಯಾದರೂ ಇದನ್ನು ಮಾಡಲೇಬೇಕು.

ನಂತರ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ನೋಡಿ. ಒಮ್ಮೆ ಒಪ್ಪಿಗೆ ಕೊಟ್ಟರೆ ವಾರ ವಾರ ಅಥವಾ ತಿಂಗಳು ತಿಂಗಳು ಹಣ ಕಡಿತವಾಗುವ ವ್ಯವಸ್ಥೆ ಇದು. ಯಾವುದೋ ಆಟದ ಹೆಸರಿನಲ್ಲಿ ಒಪ್ಪಿಗೆ ಇದ್ದರೆ ಅಲ್ಲೇ ರದ್ದು ಮಾಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಆಟೋಪೇ ನಿಲ್ಲುವುದಿಲ್ಲ.

ಪರ್ಮಿಷನ್ ವಿಷಯ ಸರಳ. ಎಲೆ ಆಟಕ್ಕೆ ನಿಮ್ಮ ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್, ಲೊಕೇಷನ್, ಮೈಕ್ ಯಾವುದೂ ಬೇಡ. ಕೇಳಿದರೆ ಬೇಡ ಅನ್ನಿ. ಬೇಡ ಅಂದ ಮೇಲೆ ಆ್ಯಪ್ ಓಡದಿದ್ದರೆ ಅಳಿಸಿಬಿಡಿ. ನೋಟಿಫಿಕೇಷನ್ ಕೂಡ ಬಂದ್ ಮಾಡಿ. ನಿಮ್ಮ ಉಚಿತ ನಾಣ್ಯ ಕಾಯುತ್ತಿದೆ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಿಣುಗುವುದು ನಿಮ್ಮ ಖುಷಿಗೆ ಅಲ್ಲ.

ಸಮಯಕ್ಕೂ ಮಿತಿ ಬೇಕು. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಪ್ರತಿ ಆ್ಯಪ್‌ಗೂ ಟೈಮರ್ ಇಡಬಹುದು. ದಿನಕ್ಕೆ 30 ನಿಮಿಷ ಸಾಕು. ಕಲಿಯುವವರಿಗೆ ಅಷ್ಟರಲ್ಲೇ ತಲೆ ದಣಿಯುತ್ತದೆ, ದಣಿದ ಮೇಲೆ ಆಡಿದ್ದು ತಲೆಗೆ ಹತ್ತುವುದಿಲ್ಲ.

ಪರದೆಯ ಹೊಳಪು ಸ್ವಲ್ಪ ಇಳಿಸಿ. ಎಲೆಯ ಅಂಕಿ ಸಣ್ಣದಾಗಿ ಕಂಡರೆ ಫೋನ್ ಅಡ್ಡ ಹಿಡಿಯಿರಿ. ಸದ್ದು ಪೂರ್ತಿ ಬಂದ್ ಮಾಡಿ. ಸದ್ದಿನ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಗೆಲುವಿನ ಗಂಟೆ, ನಾಣ್ಯ ಸುರಿಯುವ ಶಬ್ದ ಇಲ್ಲದಿದ್ದರೆ ಎಷ್ಟೋ ಸ್ಲಾಟ್ ಆಟಗಳಲ್ಲಿ ಏನೂ ಉಳಿಯುವುದಿಲ್ಲ. ಬ್ಲ್ಯಾಕ್‌ಜಾಕ್ ಮಾತ್ರ ಸದ್ದಿಲ್ಲದೆಯೂ ಅಷ್ಟೇ ಚೆನ್ನಾಗಿರುತ್ತದೆ.

ಹಂತ 4: ಬ್ಲ್ಯಾಕ್‌ಜಾಕ್‌ನಿಂದ ಶುರು ಮಾಡಿ

ಯಾಕೆ ಬ್ಲ್ಯಾಕ್‌ಜಾಕ್? ಕ್ಯಾಸಿನೊ ಆಟಗಳಲ್ಲಿ ನಿಮ್ಮ ನಿರ್ಧಾರಕ್ಕೆ ಬೆಲೆ ಇರುವುದು ಕೆಲವೇ ಆಟಗಳಲ್ಲಿ. ಇದು ಅವುಗಳಲ್ಲಿ ಮೊದಲನೆಯದು.

ನಿಯಮ ಇಷ್ಟೇ. ನಿಮಗೆ ಎರಡು ಎಲೆ, ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ಗೆ ಎರಡು ಎಲೆ. ಡೀಲರ್‌ನ ಒಂದು ಎಲೆ ಮಾತ್ರ ಕಾಣುತ್ತದೆ. ರಾಜ, ರಾಣಿ, ಗುಲಾಮ ಮೂರಕ್ಕೂ 10 ಅಂಕ. ಎಕ್ಕಕ್ಕೆ 1 ಅಥವಾ 11, ನಿಮಗೆ ಬೇಕಾದಂತೆ. 21ಕ್ಕೆ ಹತ್ತಿರ ಹೋದವರು ಗೆದ್ದರು, 21 ದಾಟಿದವರು ಸೋತರು. ಡೀಲರ್ 17 ಆಗುವವರೆಗೂ ಎಲೆ ತೆಗೆಯಲೇಬೇಕು, ಆಮೇಲೆ ನಿಲ್ಲಬೇಕು. ಅವರಿಗೆ ಆಯ್ಕೆ ಇಲ್ಲ, ನಿಮಗೆ ಇದೆ. ಆದರೂ ಮೇಲುಗೈ ಡೀಲರ್‌ದೇ. ಏಕೆಂದರೆ ನೀವು ಮೊದಲು ಆಡಬೇಕು. ನೀವು 21 ದಾಟಿದರೆ ಅಲ್ಲಿಗೆ ಸೋಲು. ಆಮೇಲೆ ಡೀಲರ್ ದಾಟಿದರೂ ನಿಮಗೆ ಪ್ರಯೋಜನ ಇಲ್ಲ.

ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರು ಅಮೆರಿಕದ ಸೇನೆಯಲ್ಲಿದ್ದ ನಾಲ್ವರು: ರೋಜರ್ ಬಾಲ್ಡ್‌ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್. ಕಂಪ್ಯೂಟರ್ ಇರಲಿಲ್ಲ. ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಲೆಕ್ಕ ಮಾಡಿದರು. 1956ರಲ್ಲಿ ಒಂದು ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆಮೇಲೆ ಕಂಪ್ಯೂಟರ್‌ಗಳು ಅದನ್ನು ತುಸು ತಿದ್ದಿದವು, ಅಷ್ಟೆ. ಇವತ್ತು ಬೇಸಿಕ್ ಸ್ಟ್ರಾಟೆಜಿ ಎಂದು ಕರೆಯುವುದು ಅದನ್ನೇ.

ಅದರ ತಿರುಳು ಹೀಗಿದೆ. ಒಂದೇ ದಿನ ಎಲ್ಲ ಕಲಿಯಲು ಹೋಗಬೇಡಿ, ವಾರಕ್ಕೆ ಒಂದು ತುಂಡು ಸಾಕು.

ಮೊದಲ ವಾರ, ಎಕ್ಕ ಇಲ್ಲದ ಕೈ. 17 ಅಥವಾ ಹೆಚ್ಚು ಇದ್ದರೆ ನಿಲ್ಲಿ. 13ರಿಂದ 16 ಇದ್ದಾಗ ಡೀಲರ್‌ನ ಎಲೆ 2ರಿಂದ 6 ಇದ್ದರೆ ನಿಲ್ಲಿ, 7 ಅಥವಾ ದೊಡ್ಡದಿದ್ದರೆ ಇನ್ನೊಂದು ಎಲೆ ತೆಗೆಯಿರಿ. 12 ಇದ್ದರೆ ಡೀಲರ್‌ನ 4, 5, 6ಕ್ಕೆ ಮಾತ್ರ ನಿಲ್ಲಿ. ಹಿಂದಿನ ಕಾರಣ ತಿಳಿದರೆ ಬಾಯಿಪಾಠ ಬೇಕಾಗುವುದಿಲ್ಲ. ಡೀಲರ್ 6 ತೋರಿಸುತ್ತಿದ್ದರೆ ಅವರು 21 ದಾಟುವ ಸಾಧ್ಯತೆ ಶೇ. 42ರ ಆಸುಪಾಸು. 7 ತೋರಿಸಿದರೆ ಅದು ಶೇ. 26ಕ್ಕೆ ಇಳಿಯುತ್ತದೆ. ಅವರು ಬೀಳುವ ಸಂಭವ ಜಾಸ್ತಿ ಇದ್ದಾಗ ನೀವು ಸುಮ್ನೆ ಇರಬೇಕು. ಸಂಭವ ಕಡಿಮೆ ಇದ್ದಾಗ ನೀವೇ ಮುಂದೆ ಹೋಗಬೇಕು. 16 ಇಟ್ಟುಕೊಂಡು ಡೀಲರ್‌ನ ರಾಜನ ಎದುರು ಎಲೆ ತೆಗೆಯಲು ಎಲ್ಲರಿಗೂ ಹೆದರಿಕೆ ಆಗುತ್ತದೆ. ಎರಡೂ ದಾರಿಯಲ್ಲಿ ಸೋಲೇ ಹೆಚ್ಚು, ತೆಗೆದರೆ ಸ್ವಲ್ಪ ಕಡಿಮೆ. ಕೆಟ್ಟದ್ದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸುವುದನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ.

ಎರಡನೇ ವಾರ, ಡಬಲ್. ಪಣವನ್ನು ಎರಡರಷ್ಟು ಮಾಡಿ ಒಂದೇ ಒಂದು ಎಲೆ ತೆಗೆಯುವುದು. 11 ಇದ್ದರೆ ಡೀಲರ್‌ನ ಎಲೆ 2ರಿಂದ 10ರವರೆಗೆ ಯಾವುದಿದ್ದರೂ ಮಾಡಿ. 10 ಇದ್ದರೆ ಡೀಲರ್‌ನ 2ರಿಂದ 9ಕ್ಕೆ, 9 ಇದ್ದರೆ 3ರಿಂದ 6ಕ್ಕೆ.

ಮೂರನೇ ವಾರ, ಎಕ್ಕ ಇರುವ ಕೈ. ಎಕ್ಕ ಮತ್ತು 6 ಅಂದರೆ 17 ಆಗಿ ಕಾಣುತ್ತದೆ, ಆದರೆ ಇನ್ನೊಂದು ಎಲೆ ತೆಗೆದರೂ ನೀವು ಬೀಳುವುದಿಲ್ಲ, ಎಕ್ಕ 1 ಆಗಿಬಿಡುತ್ತದೆ. ಆದ್ದರಿಂದ ಇಂಥ 17 ಅಥವಾ ಕಡಿಮೆಯಲ್ಲಿ ಯಾವತ್ತೂ ನಿಲ್ಲಬೇಡಿ. ಎಕ್ಕ ಮತ್ತು 7 ಇದ್ದು ಡೀಲರ್ 9, 10 ಅಥವಾ ಎಕ್ಕ ತೋರಿಸಿದರೆ ಅಲ್ಲೂ ತೆಗೆಯಬೇಕು. 18 ಇದೆಯಲ್ಲ, ಸಾಕು ಅನ್ನಿಸುತ್ತದೆ. ಸಾಲದು.

ನಾಲ್ಕನೇ ವಾರ, ಜೋಡಿ. ಎರಡು ಎಕ್ಕ, ಎರಡು 8 ಬಂದರೆ ಯಾವಾಗಲೂ ಬೇರೆ ಮಾಡಿ, ಅಂದರೆ ಎರಡು ಕೈಯಾಗಿ ಆಡಿ. ಎರಡು 10, ಎರಡು 5 ಬಂದರೆ ಯಾವತ್ತೂ ಬೇರೆ ಮಾಡಬೇಡಿ.

ಇನ್ಶೂರೆನ್ಸ್ ಬೇಕಾ ಎಂದು ಆ್ಯಪ್ ಕೇಳುತ್ತದೆ. ಡೀಲರ್‌ನ ಎಕ್ಕದ ಕೆಳಗೆ 10 ಇದ್ದರೆ ಒಂದಕ್ಕೆ ಎರಡು ಕೊಡುತ್ತೇವೆ ಎಂಬ ಪಣ ಅದು. ಇದು ಸರಿಹೋಗಬೇಕಾದರೆ ಮೂರು ಸಲಕ್ಕೆ ಒಮ್ಮೆ 10 ಬರಬೇಕು. ಆದರೆ ಹದಿಮೂರು ಬಗೆಯ ಎಲೆಗಳಲ್ಲಿ 10ರ ಬೆಲೆ ಇರುವುದು ನಾಲ್ಕಕ್ಕೆ ಮಾತ್ರ, ಅಂದರೆ ಸುಮಾರು ಶೇ. 31. ಸಾಲುವುದಿಲ್ಲ. ಬೇಡ ಅನ್ನಿ.

ಇದೆಲ್ಲ ಸರಿಯಾಗಿ ಆಡಿದರೆ, ಒಳ್ಳೆಯ ನಿಯಮದ ಮೇಜಿನಲ್ಲಿ ಕ್ಯಾಸಿನೊದ ಮೇಲುಗೈ 100 ರೂಪಾಯಿಗೆ ಸುಮಾರು 50 ಪೈಸೆಗೆ ಇಳಿಯುತ್ತದೆ. ಆದರೆ ನಿಯಮ ಒಂದು ಕಡೆ ಬದಲಾದರೆ ಈ ಶ್ರಮವೆಲ್ಲ ನೀರಿಗೆ ಹೋಗುತ್ತದೆ. ಮೊದಲ ಎರಡೇ ಎಲೆಯಲ್ಲಿ 21 ಬಂದರೆ 100ಕ್ಕೆ 150 ಕೊಡುವುದು ಹಳೆಯ ಪದ್ಧತಿ. ಈಗ ಎಷ್ಟೋ ಕಡೆ 120 ಮಾತ್ರ ಕೊಡುತ್ತಾರೆ. ಇಂಥ ಕೈ ಸುಮಾರು 21 ಸಲಕ್ಕೆ ಒಮ್ಮೆ ಬರುತ್ತದೆ, ಪ್ರತಿ ಸಲ 30 ರೂಪಾಯಿ ಕಡಿಮೆ. ಅಂದರೆ ಪ್ರತಿ 100 ರೂಪಾಯಿ ಪಣಕ್ಕೆ ಸುಮಾರು 1 ರೂಪಾಯಿ 40 ಪೈಸೆ ಹೆಚ್ಚು ನಷ್ಟ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಹಾಕಿ ಆಡಿ ನೋಡಿ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಪಣಜಿಗೆ ಹೋದಾಗ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳನ್ನು ನೋಡಿಯೇ ಇರುತ್ತೀರಿ. ಅಲ್ಲಿನ ಮೇಜಿನ ಮೇಲೆ ಬರೆದಿರುವುದನ್ನು ಓದಿ ಅರ್ಥ ಮಾಡಿಕೊಳ್ಳಲು ಇದು ತಿಳಿದಿದ್ದರೆ ಸಾಕು. ಬಹುತೇಕ ಮೇಜುಗಳ ಮುಂದೆ ಕೂರದಿರಲು ಅದೇ ಕಾರಣವೂ ಆಗುತ್ತದೆ.

ಹಂತ 5: ರೂಲೆಟ್‌ಗೆ ಆ್ಯಪ್ ಬೇಡ, ನೀವೇ ಮಾಡಿಕೊಳ್ಳಿ

ಕೆಂಪು, ಕಪ್ಪು ಮನೆಗಳ ಸಂಖ್ಯೆಯ ಚಕ್ರ ತಿರುಗಿಸಿ, ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಪಣ ಕಟ್ಟುವುದು ರೂಲೆಟ್. ಇದರಲ್ಲಿ ಕಲಿಯಬೇಕಾದ ಜಾಣ್ಮೆ ಏನೂ ಇಲ್ಲ. ತಿಳಿಯಬೇಕಾದ ಲೆಕ್ಕ ಮಾತ್ರ ತುಂಬ ಇದೆ. ಅದಕ್ಕೆ ಗೂಗಲ್ ಶೀಟ್ಸ್ ಸಾಕು.

ಹೊಸ ಶೀಟ್ ತೆರೆದು ಮೊದಲ ಮನೆಯಲ್ಲಿ ಸಮ ಚಿಹ್ನೆ ಹಾಕಿ, ರ‍್ಯಾಂಡ್‌ಬಿಟ್ವೀನ್ (RANDBETWEEN) ಎಂಬ ಸೂತ್ರವನ್ನು 0 ಮತ್ತು 36 ಕೊಟ್ಟು ಬರೆಯಿರಿ. ಅದು 0ಯಿಂದ 36ರ ಒಳಗೆ ಒಂದು ಸಂಖ್ಯೆ ತೋರಿಸುತ್ತದೆ. ಕೆಳಗೆ 1000 ಸಾಲುಗಳಿಗೆ ಅದನ್ನು ನಕಲಿಸಿ. ಒಂದೇ ಕ್ಷಣದಲ್ಲಿ ಯುರೋಪಿನ ರೂಲೆಟ್ ಚಕ್ರ ಸಾವಿರ ಸಲ ತಿರುಗಿದಂತೆ. ಜಾಹೀರಾತಿಲ್ಲ, ನಾಣ್ಯವಿಲ್ಲ, ಯಾರ ಮೋಸವೂ ಇಲ್ಲ. ಶೀಟ್‌ನಲ್ಲಿ ಏನೇ ತಿದ್ದಿದರೂ ಸಂಖ್ಯೆಗಳು ಮತ್ತೆ ಬದಲಾಗುತ್ತವೆ. ಆದ್ದರಿಂದ ಅವನ್ನು ಪಕ್ಕದ ಕಾಲಮ್‌ಗೆ, ಸೂತ್ರ ಬಿಟ್ಟು ಬರೀ ಸಂಖ್ಯೆಯಾಗಿ (ವ್ಯಾಲ್ಯೂಸ್ ಓನ್ಲಿ) ಅಂಟಿಸಿಕೊಂಡು ಎಣಿಸಿ.

ಯಾವುದೇ ಒಂದು ಸಂಖ್ಯೆ ಸಾವಿರದಲ್ಲಿ ಸರಾಸರಿ 27 ಸಲ ಬರಬೇಕು. ನಿಮ್ಮ ಪಟ್ಟಿಯಲ್ಲಿ ಒಂದು ಸಂಖ್ಯೆ 18 ಸಲ, ಇನ್ನೊಂದು 37 ಸಲ ಬಂದಿರಬಹುದು. ಅದರಲ್ಲಿ ವಿಶೇಷ ಇಲ್ಲ, ಯಾದೃಚ್ಛಿಕ ಅಂದರೆ ಹಾಗೇ. ಇದನ್ನೇ ನೋಡಿ ಕೆಲವರು ಈ ಸಂಖ್ಯೆ ಬಿಸಿ, ಆ ಸಂಖ್ಯೆ ತಣ್ಣಗಿದೆ ಎಂದು ಸಿದ್ಧಾಂತ ಕಟ್ಟುತ್ತಾರೆ.

ಆಮೇಲೆ 1ರಿಂದ 18ನ್ನು ಸಣ್ಣ, 19ರಿಂದ 36ನ್ನು ದೊಡ್ಡ ಎಂದು ಗುರುತು ಮಾಡಿ. ಒಂದೇ ಗುಂಪು ಸಾಲಾಗಿ ಎಷ್ಟು ಸಲ ಬಂದಿದೆ ನೋಡಿ. ಎಂಟು, ಒಂಬತ್ತು ಸಲದ ಸಾಲು ಸುಲಭವಾಗಿ ಸಿಗುತ್ತದೆ. ಈಗ ಎಲ್ಲರೂ ಹೇಳುವ ಡಬಲ್ ಮಾಡುವ ಉಪಾಯವನ್ನು ಆ ಸಾಲಿನ ಮೇಲೆ ಇಟ್ಟು ನೋಡಿ. ಮೊದಲು 10 ರೂಪಾಯಿ, ಸೋತರೆ 20, ಮತ್ತೆ ಸೋತರೆ 40. ಎಂಟು ಸಲ ಸಾಲಾಗಿ ಸೋತರೆ ಒಟ್ಟು 2,550 ರೂಪಾಯಿ ಹೋಗಿರುತ್ತದೆ. ಒಂಬತ್ತನೆಯದಕ್ಕೆ 2,560 ಹಾಕಬೇಕು, ಅದೂ ಕೊನೆಗೆ ಸಿಗುವ 10 ರೂಪಾಯಿ ಲಾಭಕ್ಕೆ. 1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಕಪ್ಪು ಬಣ್ಣ ಸಾಲಾಗಿ 26 ಸಲ ಬಂತು. ಇನ್ನು ಕೆಂಪು ಬರಲೇಬೇಕು ಎಂದು ಜನ ಕೆಂಪಿನ ಮೇಲೆ ಹಾಕುತ್ತಾ ಹೋದರು, ಕ್ಯಾಸಿನೊದ ಜೇಬು ತುಂಬಿತು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ.

ಕ್ಯಾಸಿನೊದ ಪಾಲು ಎಲ್ಲಿದೆ? ಸಂಖ್ಯೆಗಳು 37, ಗೆದ್ದರೆ ಕೊಡುವುದು ಒಂದಕ್ಕೆ 35. ಆ ವ್ಯತ್ಯಾಸದಿಂದ ಶೇ. 2.70 ಅವರದು. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ, 38 ಮನೆ, ಅಲ್ಲಿ ಶೇ. 5.26. ಒಂದು ಮನೆ ಹೆಚ್ಚಾದರೆ ಪಾಲು ಸುಮಾರು ಎರಡರಷ್ಟಾಗುತ್ತದೆ.

ಹಂತ 6: ಅಂದರ್ ಬಾಹರ್ ಲೆಕ್ಕ

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಆಟ. ಮಧ್ಯೆ ಒಂದು ಎಲೆ ತೆರೆದು, ಒಳಗೆ ಹೊರಗೆ ಒಂದೊಂದೇ ಎಲೆ ಹಾಕುತ್ತಾ ಹೋಗುವುದು. ಮಧ್ಯದ ಎಲೆಗೆ ಜೋಡಿ ಎಲ್ಲಿ ಬೀಳುತ್ತದೋ ಆ ಕಡೆ ಗೆಲುವು. ಅರ್ಧಕ್ಕರ್ಧ ಅವಕಾಶ ಎಂದು ಎಲ್ಲರೂ ನಂಬಿರುತ್ತಾರೆ. ಅಲ್ಲ. ಮೊದಲ ಎಲೆ ಬೀಳುವ ಕಡೆಗೆ ಒಂದು ಹೆಜ್ಜೆ ಮುಂದಿರುವ ಲಾಭ ಇದೆ. ಉಳಿದ 51 ಎಲೆಗಳಲ್ಲಿ ಜೋಡಿ ಮೂರು, ಆದ್ದರಿಂದ ಮೊದಲ ಎಲೆಗೇ ಆಟ ಮುಗಿಯುವ ಸಾಧ್ಯತೆ ಶೇ. 5.9. ಕೊನೆಯವರೆಗೂ ಲೆಕ್ಕ ಹಾಕಿದರೆ ಆ ಕಡೆಗೆ ಸುಮಾರು ಶೇ. 51.5, ಇನ್ನೊಂದು ಕಡೆಗೆ 48.5.

ಕ್ಯಾಸಿನೊಗಳಿಗೆ ಇದು ಗೊತ್ತು. ಅಂದರ್‌ಗೆ ಮೊದಲ ಎಲೆ ಹಾಕುವ ಮೇಜಿನಲ್ಲಿ ಅಂದರ್ ಗೆದ್ದರೆ 100ಕ್ಕೆ 90 ಕೊಡುವುದು, ಬಾಹರ್‌ಗೆ 100 ಕೊಡುವುದು ರೂಢಿ. 100ರಂತೆ ಸಾವಿರ ಸಲ ಅಂದರ್ ಮೇಲೆ ಹಾಕಿದರೆ 515 ಗೆಲುವಿನಿಂದ 46,350 ಬರುತ್ತದೆ, 485 ಸೋಲಿನಿಂದ 48,500 ಹೋಗುತ್ತದೆ. ಸರಾಸರಿ ನಷ್ಟ 2,150. ಬಾಹರ್ ಮೇಲೆ ಹಾಕಿದರೆ ನಷ್ಟ 3,000. ಎರಡು ಕಡೆಯಲ್ಲೂ ಸೋಲು ಆಡುವವರದ್ದೇ. ಮನೆಯಲ್ಲಿ ಒಂದು ಕಟ್ಟು ಇಸ್ಪೀಟು ಇದ್ದರೆ ಹುಣಸೆಬೀಜ ಇಟ್ಟುಕೊಂಡು ಎಣಿಸಿ ನೋಡಿ. ಫೋನಿಗಿಂತ ಅದರಲ್ಲೇ ಮಜಾ ಜಾಸ್ತಿ.

ಹಂತ 7: ಸ್ಲಾಟ್ ನೋಡಿ, ಆದರೆ ಅಂಟಿಕೊಳ್ಳಬೇಡಿ

ಸ್ಲಾಟ್‌ನಲ್ಲಿ ನಿಮ್ಮ ಕೆಲಸ ಬಟನ್ ಒತ್ತುವುದು ಮಾತ್ರ. ಫಲಿತಾಂಶ ಒತ್ತಿದ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ, ಚಕ್ರ ತಿರುಗುವುದು ನಿಮಗೆ ತೋರಿಸಲು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬುವರಿಗೆ ಒಂದು ಪೇಟೆಂಟ್ ಸಿಕ್ಕಿತು. ಕಣ್ಣಿಗೆ ಕಾಣುವ ಚಕ್ರ ಒಂದು, ಒಳಗೆ ಲೆಕ್ಕಕ್ಕೆ ಇರುವ ಪಟ್ಟಿ ಇನ್ನೊಂದು. ಜಾಕ್‌ಪಾಟ್ ಚಿತ್ರ ಪರದೆಯ ಮೇಲೆ ಹತ್ತಿರ ಹತ್ತಿರ ಸುಳಿಯುತ್ತದೆ. ಒಳಗಿನ ಪಟ್ಟಿಯಲ್ಲಿ ಅದಕ್ಕೆ ಇರುವ ಜಾಗ ತುಂಬ ಕಡಿಮೆ. ಅಯ್ಯೋ ಸ್ವಲ್ಪದರಲ್ಲಿ ತಪ್ಪಿತು ಅನ್ನಿಸುವುದು ಇದರಿಂದ.

ಇಲ್ಲಿ ನಿಜವಾದ ಅಪಾಯ ವೇಗ. ಮೂರು ಸೆಕೆಂಡಿಗೆ ಒಂದು ಸಲ ಒತ್ತಿದರೆ ಗಂಟೆಗೆ 1,200 ಸಲ. ಪ್ರತಿ ಸಲ 10 ರೂಪಾಯಿ ಅಂದುಕೊಂಡರೆ 12,000 ರೂಪಾಯಿ ತಿರುಗಿತು. ಶೇ. 96 ಹಿಂದಿರುಗಿಸುವ ಯಂತ್ರ ಎಂದು ಬರೆದಿದ್ದರೂ ಗಂಟೆಗೆ ಸರಾಸರಿ 480 ರೂಪಾಯಿ ಹೋಗುತ್ತದೆ. ಬ್ರಿಟನ್‌ನ ನಿಯಂತ್ರಕರು ಇದನ್ನು ಗಮನಿಸಿ 2021ರ ಅಕ್ಟೋಬರ್ 31ರಿಂದ ಆನ್‌ಲೈನ್ ಸ್ಲಾಟ್‌ನ ಪ್ರತಿ ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ನಿಗದಿ ಮಾಡಿದರು. ತಾನಾಗಿ ತಿರುಗುವ ಆಟೋಪ್ಲೇ ನಿಲ್ಲಿಸಿದರು. ಹಾಕಿದ್ದಕ್ಕಿಂತ ಕಡಿಮೆ ಬಂದಾಗಲೂ ಗೆದ್ದಂತೆ ಸದ್ದು ಮಾಡುವುದನ್ನೂ ತಡೆದರು. ನೀವು ಆಡುವ ಉಚಿತ ಆ್ಯಪ್‌ನಲ್ಲಿ ಇವೆಲ್ಲ ಇವೆಯೋ ನೋಡಿ. 20 ಹಾಕಿ 8 ಬಂದಾಗ ಪಟಾಕಿ ಸಿಡಿಯುತ್ತದೆಯೇ? ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಆ ಆಟ ಆಡಲು ಮನಸ್ಸಾಗುವುದಿಲ್ಲ.

ಉಚಿತ ಆ್ಯಪ್‌ನಲ್ಲಿ ಚೆನ್ನಾಗಿ ಗೆದ್ದೆ, ನಿಜದಲ್ಲೂ ಗೆಲ್ಲುತ್ತೇನೆ ಎಂಬ ಯೋಚನೆ ಬಂದರೆ ಅಲ್ಲೇ ತಡೆಯಿರಿ. ಸೋಷಿಯಲ್ ಕ್ಯಾಸಿನೊಗೆ ನಿಜವಾದ ಕ್ಯಾಸಿನೊದ ಲೆಕ್ಕ ಪಾಲಿಸಬೇಕಾದ ಅಗತ್ಯ ಇಲ್ಲ. ನಿಮ್ಮನ್ನು ಉಳಿಸಿಕೊಳ್ಳಲು ಎಷ್ಟು ಗೆಲ್ಲಿಸಬೇಕೋ ಅಷ್ಟು ಗೆಲ್ಲಿಸಬಹುದು.

ಹಂತ 8: ಹೊರದೇಶದಲ್ಲಿರುವವರಿಗೆ

ಬ್ರಿಟನ್‌ನಲ್ಲಿ, ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯ, ಮಿಷಿಗನ್‌ನಂಥ ರಾಜ್ಯಗಳಲ್ಲಿ ಪರವಾನಗಿ ಇರುವ ಆನ್‌ಲೈನ್ ಕ್ಯಾಸಿನೊ ಇವೆ. ಅಲ್ಲಿರುವ ಕನ್ನಡಿಗರಿಗೂ ಮೇಲಿನ ಲೆಕ್ಕ ಬದಲಾಗುವುದಿಲ್ಲ. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಜೂಜಾಡುವಂತಿಲ್ಲ. ಅಲ್ಲಿನ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಬರೆಸಿದರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ತಾಣಗಳೂ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಹಂತ 9: ಈಗಾಗಲೇ ದುಡ್ಡು ಹೋಗಿದ್ದರೆ

ಮನೆಯಲ್ಲಿ ಯಾರೋ, ಅಥವಾ ನೀವೇ, ದುಡ್ಡಿನ ಆಟದಲ್ಲಿ ಸಿಕ್ಕಿದ್ದರೆ ತಡ ಮಾಡಬೇಡಿ. ಗೆದ್ದ ಹಣ ತೆಗೆಯಲು ಮೊದಲು ತೆರಿಗೆ ಕಟ್ಟಿ ಎಂದು ಆ್ಯಪ್ ಕೇಳುತ್ತಿದ್ದರೆ ಅದು ಮೋಸ. ಒಂದು ರೂಪಾಯಿಯೂ ಕಟ್ಟಬೇಡಿ. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯುಪಿಐ ವಹಿವಾಟಿನ ಸಂಖ್ಯೆ, ದಿನಾಂಕ, ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಳ್ಳಿ. ಆ್ಯಪ್ ಅಳಿಸುವ ಮುಂಚೆಯೇ ಅವನ್ನು ತೆಗೆದುಕೊಳ್ಳಿ. ಹಣ ಬೇರೆ ಬೇರೆ ಖಾತೆಗಳಿಗೆ ಹರಿದುಹೋಗುವ ಮುಂಚೆ ತಡೆಯಲು ಆಗುವುದು ಬೇಗ ಹೇಳಿದಾಗ ಮಾತ್ರ.

ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಕಾಲೇಜು ಹುಡುಗರನ್ನು ಕೇಳುವವರಿದ್ದಾರೆ. ಜೂಜಿನ ಹಣ ಸಾಗುವುದು ಅಂಥ ಖಾತೆಗಳಲ್ಲಿ. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ. ಈ ಮಾತನ್ನು ನಿಮ್ಮ ಮನೆಯ ಹುಡುಗರಿಗೆ ಇವತ್ತೇ ಹೇಳಿ.

ಬಿಡಬೇಕು ಅನ್ನಿಸಿದರೂ ಬಿಡಲು ಆಗುತ್ತಿಲ್ಲ, ಸಾಲ ಮಾಡಿ ಆಡುವಂತಾಗಿದೆ, ಮನೆಯವರಿಗೆ ಸುಳ್ಳು ಹೇಳುವಂತಾಗಿದೆ ಅಂದರೆ ಅದು ಚಟ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಫೋನ್, ಇಂಟರ್ನೆಟ್, ಆಟದ ಚಟಕ್ಕೆಂದೇ ಮಾಡಿದ್ದು. ಬೈದು ಬುದ್ಧಿ ಹೇಳುವುದಕ್ಕಿಂತ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಹಂತ 10: ಮುಂದಿನ ಆಟ

ಬ್ಲ್ಯಾಕ್‌ಜಾಕ್ ಟ್ರೇನರ್‌ನಲ್ಲಿ ನೂರು ಕೈಗೆ ಎರಡು ಮೂರಕ್ಕಿಂತ ಹೆಚ್ಚು ತಪ್ಪು ಬಾರದಂತಾದ ಮೇಲೆ ವಿಡಿಯೊ ಪೋಕರ್ ಹಿಡಿಯಿರಿ. ಐದು ಎಲೆ ಬರುತ್ತದೆ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಬದಲಾಯಿಸುತ್ತೀರಿ. ಗುಲಾಮನ ಜೋಡಿ ಅಥವಾ ಮೇಲಿನದ್ದಕ್ಕೆ ಬಹುಮಾನ ಇರುವ ಜಾಕ್ಸ್ ಆರ್ ಬೆಟರ್ ಎಂಬ ಬಗೆಯಿಂದ ಶುರು ಮಾಡಿ.

ಆಡುವ ಮುಂಚೆ ಬಹುಮಾನದ ಪಟ್ಟಿ ನೋಡಿ. ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರು ಎಲೆ, ಜೊತೆಗೆ ಒಂದು ಜೋಡಿ) 9, ಫ್ಲಷ್‌ಗೆ (ಐದೂ ಎಲೆ ಒಂದೇ ಜಾತಿ, ಉದಾಹರಣೆಗೆ ಎಲ್ಲ ಇಸ್ಪೀಟು) 6 ಎಂದಿದ್ದರೆ, ಸರಿಯಾಗಿ ಆಡಿದಾಗ ಶೇ. 99.54 ಹಿಂದಿರುಗುತ್ತದೆ. ಅದೇ ಜಾಗದಲ್ಲಿ 8 ಮತ್ತು 5 ಇದ್ದರೆ ಶೇ. 97.30. ಪರದೆ ಒಂದೇ, ಎಲೆ ಒಂದೇ, ಎರಡು ಅಂಕಿ ಮಾತ್ರ ಬೇರೆ. ಟ್ರೇನರ್‌ನಲ್ಲಿ ಮೊದಲನೆಯ ಪಟ್ಟಿ ಆರಿಸಿ, ತಪ್ಪು ತೋರಿಸುವ ಆಯ್ಕೆ ಆನ್ ಮಾಡಿ. ರಾಣಿಯ ಜೋಡಿ ಮತ್ತು ಒಂದೇ ಜಾತಿಯ ನಾಲ್ಕು ಎಲೆ ಒಟ್ಟಿಗೆ ಬಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ? ಜೋಡಿಯನ್ನು. ಈಗ ರಾಣಿಯ ಬದಲು 5ರ ಜೋಡಿ ಇಟ್ಟು ಅದೇ ಪ್ರಶ್ನೆ ಕೇಳಿಕೊಳ್ಳಿ, ಉತ್ತರ ಬದಲಾಗುತ್ತದೆ. ಯಾಕೆ ಎಂಬುದನ್ನು ಬಹುಮಾನದ ಪಟ್ಟಿ ಮುಂದಿಟ್ಟುಕೊಂಡು, ಉಳಿದ 47 ಎಲೆಗಳನ್ನು ಎಣಿಸಿ ನೀವೇ ಕಂಡುಹಿಡಿಯಿರಿ.